ಬಾನೆಟ್ಟಿನ ಮೇಲಿನ ಕುಂಕುಮ

"ಅಪ್ಪಂಗೆ ಗೊತ್ತಾದ್ರೆ ಏನ್ ಮಾಡ್ಲಿ?"

ದಾಕ್ಷಾಯಿಣಿ ಹೀಗೆ ಕೇಳಿಕೊಂಡದ್ದು ಬೇರೆ ಯಾರನ್ನೂ ಅಲ್ಲ, ತನ್ನನ್ನೇ. ಗಾಜು ಪೂರ್ತಿ ಏರಿಸಿ, ಸ್ಟೀರಿಂಗಿಗೆ ಹಣೆ ಒತ್ತಿಕೊಂಡು, ಉಸಿರಿನಷ್ಟೇ ಸದ್ದಿನಲ್ಲಿ ಕೇಳಿಕೊಂಡಳು. ಸುತ್ತ ಯಾರೂ ಇಲ್ಲವೆಂದು ಅವಳ ಎಣಿಕೆ. ನಾನಿದ್ದೆ.

ನಾನು ಒಂದು ಕಾರು. ಸಣ್ಣದು, ಬಿಳಿಯದು. ನಾಲ್ವರು ಕೂತರೆ ಸುಖ, ಐದನೆಯವರು ಬಂದರೆ ಕಿಟಕಿಯ ಪಕ್ಕದವರು ಉಸಿರು ಬಿಗಿಹಿಡಿಯಬೇಕು. ಹುಟ್ಟುವಾಗ ಬರಿ ತಗಡಾಗಿದ್ದೆ. ಯಂತ್ರದ ಕೈಗಳು ಕಿಡಿ ಹಾರಿಸುತ್ತ ನನ್ನನ್ನು ಬೆಸೆದವು, ಎತ್ತಿ ತೊಟ್ಟಿಯಲ್ಲಿ ಮುಳುಗಿಸಿದವು, ಬಣ್ಣ ಹೊಡೆದವು, ಒಲೆಯಂಥ ಕೋಣೆಯಲ್ಲಿ ಸುಟ್ಟವು. ಬಣ್ಣದ ಮೇಲೆ ಕಣ್ಣಿಗೆ ಕಾಣದ ಒಂದು ಮೆರುಗಿನ ಪದರ ಕೊಟ್ಟರು. ಕೊನೆಗೆ ಸಾಲು ಟ್ಯೂಬ್‌ಲೈಟುಗಳ ಕೆಳಗೆ ಒಬ್ಬ ಹೆಂಗಸು ಬಿಳಿ ಗವಸು ತೊಟ್ಟ ಕೈಯನ್ನು ನನ್ನ ಮೈಮೇಲೆಲ್ಲ ಆಡಿಸಿದಳು. ಎಳೆಗೂಸಿನ ನೆತ್ತಿ ಮುಟ್ಟುವ ಹಾಗಿತ್ತು ಅದು. ಎಲ್ಲೂ ಗಂಟಿಲ್ಲ, ಗುಳಿಯಿಲ್ಲ ಎಂದು ಒಂದು ಚೀಟಿ ಅಂಟಿಸಿ ಕಳಿಸಿದಳು. ಆಮೇಲೆ ನನ್ನನ್ನು ಅಷ್ಟು ಗಮನವಿಟ್ಟು ಯಾರಾದರೂ ಮುಟ್ಟಿದ್ದರೆ ಅದು ದಾಕ್ಷಾಯಿಣಿ ಮಾತ್ರ.

ಉದ್ದನೆಯ ಲಾರಿಯಲ್ಲಿ ಅಣ್ಣತಮ್ಮಂದಿರ ಜೊತೆ ತುಮಕೂರಿಗೆ ಬಂದೆ. ಷೋರೂಮಿನ ಹಿತ್ತಲಲ್ಲಿ ಧೂಳು ತಿನ್ನುತ್ತ ಕೆಲವು ವಾರ ನಿಂತೆ. ಒಂದು ಬೆಳಿಗ್ಗೆ ಪೈಪು ಹಿಡಿದವರು ಬಂದರು. ಶಾಂಪೂ ನೊರೆ ಹಾಕಿ ತೊಳೆದರು, ಬಟ್ಟೆಯಲ್ಲಿ ಒರೆಸಿದರು, ಟಯರಿಗೆ ಮಿರಮಿರ ಮಿಂಚುವ ಕಪ್ಪು ಬಳಿದರು. ಅಷ್ಟೆ. ಈ 'ಅಷ್ಟೆ' ಅನ್ನುವುದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದಿನ ರಗಳೆಯೆಲ್ಲ ಅದರದ್ದೇ.

ನನ್ನನ್ನು ಕೊಳ್ಳಲು ಬಂದವರು ತಿಪಟೂರಿನವರು. ಅಪ್ಪ ಮಹಾಲಿಂಗಯ್ಯ. ಹಳ್ಳಿಗಳಲ್ಲಿ ಉಂಡೆ ಕೊಬ್ಬರಿ ಕೊಂಡು ಮಾರುಕಟ್ಟೆಗೆ ಹಾಕುವ ಸಣ್ಣ ವ್ಯಾಪಾರಿ. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುವುದು ಅವರ ಕಸುಬು. ಆ ಅಭ್ಯಾಸದಲ್ಲೇ ನನ್ನ ಬಾನೆಟ್ಟಿನ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, "ಸದ್ದು ಚೆನ್ನಾಗಿದೆ, ತಗೊಳವ್ವ" ಎಂದರು. ಅಮ್ಮ ಸರ್ವಮಂಗಳಮ್ಮನಿಗೆ ಮಂಡಿನೋವು. ಬಸ್ಸಿನ ಮೆಟ್ಟಿಲು ಹತ್ತಲಾಗದು. ನಾನು ಬಂದದ್ದೇ ಅವರ ಮಂಡಿಯ ಸಲುವಾಗಿ. ನಡುವೆ ನಿಂತಿದ್ದ ಹುಡುಗಿ ದಾಕ್ಷಾಯಿಣಿ. ಎಂ.ಕಾಂ. ಮುಗಿಸಿ ತುರುವೇಕೆರೆಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅವಳ ದನಿ ಎರಡನೆಯ ಬೆಂಚಿಗಿಂತ ಆಚೆ ಹೋಗುವುದಿಲ್ಲ ಎಂದು ಆಮೇಲೆ ತಿಳಿಯಿತು. ಮುಂಗಡಕ್ಕೆ ಅಪ್ಪನ ಉಳಿತಾಯ, ತಿಂಗಳ ಕಂತಿಗೆ ಮಗಳ ಸಂಬಳ.

"ನನ್ನ ಮಗಳೇ ಓಡಿಸೋದು ಕಣ್ರೀ. ಎಲ್ಲ ಕಾಗದ ಅವಳೇ ಓದ್ತಾಳೆ. ಅವಳಿಗೆ ಯಾರೂ ಟೋಪಿ ಹಾಕಕ್ಕಾಗಲ್ಲ!" ಎಂದು ಮಹಾಲಿಂಗಯ್ಯ ಷೋರೂಮಿನ ಕಾವಲುಗಾರನಿಗೂ ಹೇಳಿದರು. ಮಗಳು ತಲೆ ತಗ್ಗಿಸಿದಳು.

ಕಾರು ಮಾರಿದವನ ಹೆಸರು ನಂದೀಶ. ಇಸ್ತ್ರಿ ಮಾಡಿದ ನಗು. ಅಪ್ಪ ಅಮ್ಮ ಕಾಫಿಗೆಂದು ಅತ್ತ ಹೋದದ್ದನ್ನು ನೋಡಿಕೊಂಡು, ಪಕ್ಕದಲ್ಲಿ ನನ್ನನ್ನು ಸವರುತ್ತ ನಿಂತಿದ್ದ ದಾಕ್ಷಾಯಿಣಿಯ ಬಳಿ ಬಂದ.

"ಮೇಡಂ, ಇಲ್ಲೊಂದು ಸೈನ್, ಇಲ್ಲೊಂದು. ಇದು ಪೇಂಟ್ ಪ್ರೊಟೆಕ್ಷನ್ ಪಾಲಿಸಿ. ಕಲೆ, ಗೀರು, ಹಕ್ಕಿ ಹಿಕ್ಕೆ, ಏನಾದ್ರೂ ಮೂರು ವರ್ಷ ನಮ್ಮ ತಲೆನೋವು. ನಿಮ್ಮದಲ್ಲ."

"ನಾವು... ಇದನ್ನ ಕೇಳಿರ್ಲಿಲ್ಲ."

"ಕೇಳೋದೇನು ಮೇಡಂ, ಎಲ್ರೂ ತಗೋತಾರೆ. ನಿಮ್ಮ ಗಾಡಿಗೆ ಬೆಳಿಗ್ಗೆನೇ ಕೋಟಿಂಗ್ ಹೊಡೆದಾಯ್ತು. ಈಗ ಬೇಡ ಅಂದ್ರೆ ಕೆರೆದು ತೆಗೆಯೋಕಾಗುತ್ತಾ? ಇದಿಲ್ದಿದ್ರೆ ಕಂಪನಿ ಪೇಂಟ್ ವಾರಂಟಿನೂ ಕೊಡಲ್ಲ. ಕ್ರೆಡಿಟ್ ಕಾರ್ಡ್ ಇದೆಯಲ್ವಾ?"

ಮೂರು ಮಾತು ಹೇಳಿದ್ದ, ಮೂರೂ ಸುಳ್ಳು. ನನ್ನ ಮೈಗೆ ಕೋಟಿಂಗ್ ಹೊಡೆದಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲವೇ? ಕೂಗಿ ಹೇಳೋಣವೆಂದರೆ ನನಗಿರುವುದು ಹಾರನ್ನು. ಅದನ್ನೂ ಬೇರೆಯವರು ಒತ್ತಬೇಕು.

ದಾಕ್ಷಾಯಿಣಿ ತಲೆ ಅಲ್ಲಾಡಿಸಿದಳು. ಬೇಡವೆಂದು ಅಲ್ಲಾಡಿಸಲು ಹೊರಟ ತಲೆ ಅವನ ನಗುವಿನ ಎದುರು ಅರ್ಧದಲ್ಲಿ ದಿಕ್ಕು ಬದಲಿಸಿತು. ಸಂಬಳದ ಖಾತೆ ತೆರೆದಾಗ ಬ್ಯಾಂಕಿನವರು ಒತ್ತಾಯದಿಂದ ಕೊಟ್ಟಿದ್ದ ಕಾರ್ಡು ಪರ್ಸಿನಲ್ಲಿ ಹೊಸದಾಗಿಯೇ ಇತ್ತು. ಮೊದಲ ಸಲ ಹೊರಬಂತು. ಯಂತ್ರ ಕುಂಯ್ ಎಂದಿತು. ಇಪ್ಪತ್ತೆರಡು ಸಾವಿರ, ಅವಳ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು.

ಅಷ್ಟರಲ್ಲಿ ಅಪ್ಪ ಬಂದರು. "ಏನವ್ವ ಅದು ಹೊಸ ಕಾಗದ?"

ಅವಳ ಬಾಯಿಂದ ಬಂದದ್ದು ಒಂದೇ ಮಾತು. "ಫ್ರೀ ಅಂತಪ್ಪ."

ನಂದೀಶ ಕಾರ್ಡಿನ ಯಂತ್ರವನ್ನು ಬೆನ್ನ ಹಿಂದೆ ಹಿಡಿದುಕೊಂಡ. ಅವಳ ಮುಖ ನೋಡಿದ. ಇಂಥ ಮುಖಗಳನ್ನು ಓದುವುದೇ ಅವನ ಕಸುಬು. "ಹೌದು ಅಂಕಲ್, ನಮ್ಮ ಕಡೆಯಿಂದ ಒಂದು ಗಿಫ್ಟ್" ಎಂದ.

ಆಮೇಲೆ ಪೂಜೆ. ಅದೂ ಷೋರೂಮಿನವರ ಲೆಕ್ಕದಲ್ಲೇ. ರೇಷ್ಮೆ ಸೀರೆಯುಟ್ಟ ಅವರ ಹುಡುಗಿಯೊಬ್ಬಳು ಹಿತ್ತಾಳೆ ತಟ್ಟೆ ತಂದಳು. ಎಣ್ಣೆಯಲ್ಲಿ ಕಲಸಿದ ಕುಂಕುಮದಿಂದ ನನ್ನ ಬಾನೆಟ್ಟಿನ ನಟ್ಟನಡುವೆ ದೊಡ್ಡದಾಗಿ ಓಂ ಬರೆದಳು. ಸರ್ವಮಂಗಳಮ್ಮ ಮನೆಯಿಂದ ತಂದ ವಿಭೂತಿಯನ್ನು ಅದರ ಎರಡೂ ಕಡೆ ಎಳೆದರು. ಚಕ್ರಕ್ಕೆ ನಿಂಬೆಹಣ್ಣು, ಮುಂದೆ ತೆಂಗಿನಕಾಯಿ. ರಟ್ಟಿನ ದೊಡ್ಡ ಬೀಗದ ಕೈ ಹಿಡಿಸಿ ಮೂವರನ್ನೂ ನನ್ನ ಮುಂದೆ ನಿಲ್ಲಿಸಿ ಫೋಟೋ ತೆಗೆದರು.

ಹೊರಡುವಾಗ ನಂದೀಶ ಕಿಟಕಿಗೆ ಬಗ್ಗಿದ. "ಒಂದು ವಾರ ನೀರು ಮುಟ್ಟಿಸಬೇಡಿ ಮೇಡಂ. ಕೋಟಿಂಗ್ ಕೂರಬೇಕು."

ತಿಪಟೂರಿಗೆ ಬಂದೆ. ಮನೆಯ ಮುಂದೆ ನನ್ನನ್ನು ಎಲ್ಲಿ ನಿಲ್ಲಿಸಬೇಕೆಂದು ದೊಡ್ಡ ಚರ್ಚೆಯಾಯಿತು. ನೆರಳಿರುವ ಕಡೆಯೆಲ್ಲ ತೆಂಗಿನ ಮರ. "ಕಾಯಿ ಬಿದ್ರೆ ತಲೆನೇ ಹೋಗುತ್ತೆ, ಇನ್ನು ಇದರ ತಗಡು ಯಾವ ಲೆಕ್ಕ" ಎಂದರು ಸರ್ವಮಂಗಳಮ್ಮ. ಹಾಗಾಗಿ ನನ್ನ ಪಾಲಿಗೆ ಬಟ್ಟಬಯಲು ಬಂತು, ಬಿಸಿಲು ಬಂತು.

ಮಾರನೆಯ ದಿನ ದಾಕ್ಷಾಯಿಣಿ ಒಣಬಟ್ಟೆ ತಂದು ಕುಂಕುಮ ಒರೆಸಲು ಕೈಯಿಟ್ಟಳು. ಅಮ್ಮ ಒಳಗಿನಿಂದಲೇ ಗದರಿದರು. "ಏಯ್! ದೇವರ ಕುಂಕುಮ ಒರೆಸ್ತಾರೇನೆ? ಬೋಳು ಮಾಡ್ತೀಯಾ ಗಾಡೀನ? ತಾನಾಗಿ ಉದುರಬೇಕು ಅದು."

ನಮ್ಮ ಕಡೆ ರೂಢಿಯೇ ಹಾಗೆ. ಪೂಜೆಯ ಕುಂಕುಮವನ್ನು ಮನುಷ್ಯರ ಕೈ ಅಳಿಸಬಾರದು. ಗಾಳಿ, ಮಳೆ, ಕಾಲ ಅಳಿಸಬೇಕು. ಮಳೆ ಬರುವ ಕಾಲವಾಗಿರಲಿಲ್ಲ. ನೀರು ಮುಟ್ಟಿಸಬಾರದೆಂದು ಷೋರೂಮಿನ ಕಟ್ಟಪ್ಪಣೆ, ಬಟ್ಟೆ ಮುಟ್ಟಿಸಬಾರದೆಂದು ಅಮ್ಮನ ಕಟ್ಟಪ್ಪಣೆ. ಎಣ್ಣೆ, ಬಣ್ಣ, ಬಿಸಿಲು ಮೂರೂ ಸೇರಿ ನನ್ನ ಮೆರುಗಿನೊಳಕ್ಕೆ ನಿಧಾನವಾಗಿ ಇಳಿದವು. ವಾರ ಕಳೆದು ತೊಳೆದಾಗ ವಿಭೂತಿ ಹೋಯಿತು, ಕುಂಕುಮದ ಪುಡಿ ಹೋಯಿತು. ಗುಲಾಬಿ ಬಣ್ಣದ ಓಂ ಮಾತ್ರ ಹಾಗೇ ನಿಂತಿತು.

"ಒಳ್ಳೇದೇ ಆಯ್ತು ಬಿಡು, ದೇವರು ಪರ್ಮನೆಂಟಾಗಿ ಕೂತಿದಾನೆ" ಎಂದರು ಅಮ್ಮ.

"ಹೊಸ ಗಾಡಿ ಹಳೇ ಹೊಸಿಲಾದಂಗೆ ಆಯ್ತಲ್ಲೇ!" ಎಂದರು ಅಪ್ಪ. "ಹೆಂಗೂ ಆ ಹುಡುಗ ಫ್ರೀ ಪಾಲಿಸಿ ಕೊಟ್ಟಿದಾನಲ್ಲ. ಫೋನ್ ಮಾಡವ್ವ, ಬಂದು ಮಾಡಿಕೊಡ್ತಾರೆ."

ಅವತ್ತಿನ ಸಂಜೆಯೇ ದಾಕ್ಷಾಯಿಣಿ ಕಾಲೇಜಿನಿಂದ ಬರುವ ದಾರಿಯಲ್ಲಿ ನನ್ನನ್ನು ಹೊಂಗೆ ಮರದ ಕೆಳಗೆ ನಿಲ್ಲಿಸಿ, ಸ್ಟೀರಿಂಗಿಗೆ ಹಣೆ ಒತ್ತಿ, ಮೊದಲು ಹೇಳಿದೆನಲ್ಲ ಆ ಪ್ರಶ್ನೆಯನ್ನು ಕೇಳಿಕೊಂಡದ್ದು.

ಅಂದಿನಿಂದ ನಾನು ಅವಳ ಆಫೀಸಾದೆ. ಮನೆಯಲ್ಲಿ ಗೋಡೆಗಳು ತೆಳು. ಅಲ್ಲಿಂದ ಫೋನ್ ಮಾಡಿದರೆ 'ದುಡ್ಡು' ಎಂಬ ಮಾತು ಅಪ್ಪನ ಕಿವಿಗೆ ಬೀಳುತ್ತದೆ. ಹಾಗಾಗಿ ಎಲ್ಲವೂ ಹೊಂಗೆಯ ಕೆಳಗೆ, ನನ್ನೊಳಗೆ. ಪಾಲಿಸಿಯವರ ಫೋನು ಕನ್ನಡಕ್ಕೆ ಎರಡು ಒತ್ತಿ ಎನ್ನುತ್ತಿತ್ತು. ಒತ್ತಿದರೆ ಹಿಂದಿಯವರು ಬರುತ್ತಿದ್ದರು. ಹಿಂದಿಯವರು ಇಂಗ್ಲಿಷಿನವರಿಗೆ ಕೊಡುತ್ತಿದ್ದರು. ಅವರು ಸಂಗೀತ ಹಾಕಿ ಹೋಗುತ್ತಿದ್ದರು. ಆ ಸಂಗೀತ ನನಗೆ ಬಾಯಿಪಾಠವಾಯಿತು. ಒಬ್ಬರು ಫೋಟೋ ಕಳಿಸಿ ಎಂದರು. ಕಳಿಸಿದಳು. ಫೋಟೋ ಮಸುಕು ಎಂದರು. ಬಿಸಿಲಲ್ಲಿ ನಿಲ್ಲಿಸಿ ಮತ್ತೆ ತೆಗೆದಳು. ಬಿಸಿಲು ಹೊಳೆಯುತ್ತಿದೆ, ಕಲೆ ಕಾಣುತ್ತಿಲ್ಲ ಎಂದರು. ಕೊನೆಗೆ ಉತ್ತರ ಬಂತು: ಗ್ರಾಹಕರು ಹೊರಗಿನ ರಾಸಾಯನಿಕ ಬಳಸಿದ್ದಾರೆ, ಕೂಡಲೇ ತೊಳೆಯದೆ ಬಿಟ್ಟಿದ್ದಾರೆ, ಆದ್ದರಿಂದ ಪಾಲಿಸಿ ಅನ್ವಯಿಸುವುದಿಲ್ಲ.

"ತೊಳೀಬೇಡಿ ಅಂದಿದ್ದು ನಿಮ್ಮವರೇ ಅಲ್ವಾ..." ಎಂದಳು ಫೋನಿಗೆ, ಮೆಲ್ಲಗೆ. ಅಷ್ಟರಲ್ಲಿ ಆ ಕಡೆ ಕಟ್ಟಾಗಿತ್ತು.

ಆಗ ಅವಳ ಬಾಯಿ ಬಿಟ್ಟಿತು ನೋಡಿ! "ನೀರು ಮುಟ್ಟಿಸಬೇಡಿ ಅನ್ನೋರೂ ನೀವೇ, ಯಾಕೆ ತೊಳೀಲಿಲ್ಲ ಅನ್ನೋರೂ ನೀವೇ! ಕುಂಕುಮ ಇಟ್ಟೋರು ನೀವು, ಕೇಳಿದ್ರೆ ರಾಸಾಯನಿಕ ಅಂತೀರಾ? ನಾಚಿಕೆ ಆಗಲ್ವಾ?" ಗಾಜು ನಡುಗುವಂತೆ ಕೂಗಿದಳು. ಎಂಥ ಮಾತು, ಎಂಥ ಏರು! ಅದನ್ನು ಕೇಳಿಸಿಕೊಂಡದ್ದು ನಾನು ಮತ್ತು ಹೊಂಗೆಯ ಮೇಲಿನ ಕಾಗೆ. ಮರುದಿನ ಮತ್ತೆ ಫೋನು ಹಚ್ಚಿದಾಗ ಅದೇ ಇಲಿಮರಿ ದನಿ: "ಸರ್, ಸ್ವಲ್ಪ ಕೇಳ್ತೀರಾ..." ನನ್ನ ಇಂಜಿನ್ನು ಕುದಿಯುತ್ತಿತ್ತು. ಇದ್ದ ಮಾತನ್ನೆಲ್ಲ ನನ್ನೊಳಗೆ ಖರ್ಚು ಮಾಡಿ ಹೊರಗೆ ಬರಿಗೈಯಲ್ಲಿ ಹೋಗುತ್ತಿದ್ದಳಲ್ಲ!

ಈ ಉರಿಗೆ ತುಪ್ಪ ಸುರಿದ ಹಾಗೆ ಸಂಕ್ರಾಂತಿ ಬಂತು. ಮಹಾಲಿಂಗಯ್ಯನವರು ಕೊಟ್ಟವರ ಋಣ ಇಟ್ಟುಕೊಳ್ಳುವವರಲ್ಲ. "ಆ ಹುಡುಗ ಕೈಯೆತ್ತಿ ಗಿಫ್ಟ್ ಕೊಟ್ಟ. ನಾವೂ ಮರ್ಯಾದೆ ಮಾಡ್ಬೇಕು" ಎಂದು ಒಂದು ಮೂಟೆ ಒಳ್ಳೆಯ ತೆಂಗಿನಕಾಯಿ ಆರಿಸಿ ನನ್ನ ಡಿಕ್ಕಿಗೆ ಹಾಕಿಸಿದರು, ಮೇಲೆ ಎಳ್ಳುಬೆಲ್ಲದ ಪೊಟ್ಟಣ. ಒಯ್ದುಕೊಟ್ಟವಳು ದಾಕ್ಷಾಯಿಣಿ. ನಂದೀಶ ಮೂಟೆ ಇಳಿಸಿಕೊಂಡು, "ಅಂಕಲ್‌ಗೆ ಥ್ಯಾಂಕ್ಸ್ ಹೇಳಿ ಮೇಡಂ" ಎಂದ. ಅವಳು ಹೂಂ ಎಂದಳು. ವಾಪಸ್ ಬರುವ ದಾರಿಯುದ್ದಕ್ಕೂ ಗೇರನ್ನು ಎಷ್ಟು ಒರಟಾಗಿ ಎಳೆದಳೆಂದರೆ ಇವತ್ತಿಗೂ ನೆನೆದರೆ ಕಿರ್ರೆನ್ನುತ್ತದೆ.

ನುಸ್ರತ್ ಇಲ್ಲದಿದ್ದರೆ ಕಥೆ ಅಲ್ಲೇ ಕೊಳೆಯುತ್ತಿತ್ತು. ನುಸ್ರತ್ ಅದೇ ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವವಳು. ಪೆಟ್ರೋಲು ಹಂಚಿಕೊಂಡು ದಿನವೂ ನನ್ನಲ್ಲೇ ಬರುತ್ತಿದ್ದಳು. ದಾಕ್ಷಾಯಿಣಿ ಆಡದೆ ಉಳಿಸಿದ ಮಾತನ್ನೆಲ್ಲ ಅವಳೇ ಆಡುತ್ತಿದ್ದಳು. ಒಂದು ದಿನ ಬಾನೆಟ್ಟಿನ ಕಲೆ ತೋರಿಸಿ, ಬಿಡದೆ ಕಾಡಿ, ಎಲ್ಲವನ್ನೂ ಹೊರಡಿಸಿದಳು.

"ಅಲ್ಲ ಕಣೇ ದಾಕ್ಷಿ, ಸ್ವತಂತ್ರ ಒಪ್ಪಿಗೆ ಇಲ್ದೆ ಕರಾರೇ ಇಲ್ಲ ಅಂತ ಮಕ್ಕಳಿಗೆ ನೋಟ್ಸ್ ಬರೆಸ್ತೀಯ. ನಿನ್ನ ಒಪ್ಪಿಗೆ ಎಲ್ಲಿ ಹೋಗಿತ್ತು ಅವತ್ತು, ಕಾಫಿ ಕುಡಿಯೋಕಾ?"

"ಅವನು ನಗ್ತಿದ್ದ. ನಗೋರಿಗೆ ಬೇಡ ಅನ್ನೋಕೆ ನಂಗೆ ಬರಲ್ಲ."

"ಸರಿ, ನಗದೇ ಇರೋರಿಗೆ ಹೇಳೋಣ. ಕ್ರೆಡಿಟ್ ಕಾರ್ಡಲ್ಲಿ ತಾನೆ ಕೊಟ್ಟಿದ್ದು? ಬ್ಯಾಂಕಿಗೆ ಬರಿ. ಸುಳ್ಳು ಹೇಳಿ ಮಾರಿದಾರೆ, ಹೇಳಿದ ಕೆಲಸ ಮಾಡಿಲ್ಲ, ದುಡ್ಡು ವಾಪಸ್ ಕೊಡಿಸಿ ಅಂತ. ನಮ್ಮ ಮಾವನ ಮಗ ಫ್ರಿಜ್ಜಿಗೆ ಹಂಗೇ ಮಾಡಿದ್ದ."

ಬರೆಯುವುದೆಂದರೆ ದಾಕ್ಷಾಯಿಣಿಗೆ ಕಷ್ಟವಿಲ್ಲ. ದಿನವೂ ಡೈರಿ ಬರೆಯುವ ಹುಡುಗಿ. ಬ್ಯಾಂಕಿಗೆ ಬರೆದ ದೂರು ಕಡ್ಡಿ ಮುರಿದ ಹಾಗಿತ್ತು; ನುಸ್ರತ್ ನನ್ನೊಳಗೆ ಕೂತು ಗಟ್ಟಿಯಾಗಿ ಓದಿ ಚಪ್ಪಾಳೆ ತಟ್ಟಿದಳು. ಬ್ಯಾಂಕು ಆ ಹಣವನ್ನು ತಾತ್ಕಾಲಿಕವಾಗಿ ಕಾರ್ಡಿಗೆ ಹಿಂದಿರುಗಿಸಿ ವಿಚಾರಿಸುತ್ತೇವೆ ಎಂದಿತು. ದಾಕ್ಷಾಯಿಣಿ ಅಂದು ಮನೆಯವರೆಗೂ ಗುನುಗುತ್ತ ಬಂದಳು. ಆ ಗುನುಗು ಬಹಳ ದಿನ ಬಾಳಲಿಲ್ಲ. ಷೋರೂಮಿನವರು ಬ್ಯಾಂಕಿಗೆ ಉತ್ತರ ಕೊಟ್ಟರು: ಡೆಲಿವರಿಯ ದಿನ ಬೆಳಿಗ್ಗೆಯೇ ಕೋಟಿಂಗ್ ಮಾಡಿದ್ದೇವೆ, ಗ್ರಾಹಕರು ಒಪ್ಪಿ ಸಹಿ ಹಾಕಿದ್ದಾರೆ, ಕಲೆ ಮಾಡಿಕೊಂಡದ್ದು ಅವರೇ. ಬ್ಯಾಂಕು ಹಣವನ್ನು ಮತ್ತೆ ಕಿತ್ತುಕೊಂಡಿತು. ಇನ್ನೇನಾದರೂ ಸಾಕ್ಷಿ ಇದ್ದರೆ ತಿಂಗಳ ಕೊನೆಯೊಳಗೆ ಕೊಡಿ, ಇಲ್ಲದಿದ್ದರೆ ಮುಚ್ಚುತ್ತೇವೆ ಎಂದಿತು.

ನಾನೇ ಸಾಕ್ಷಿ! ನನ್ನ ಮೈಯೇ ಸಾಕ್ಷಿ! ಆದರೆ ಯಾರು ಕೇಳಬೇಕು?

ನುಸ್ರತ್ ಸೀಟಿನಲ್ಲಿ ಕಾಲು ಮಡಚಿ ಕೂತು ಯೋಚಿಸಿದಳು. "ಕುಂಕುಮ ಇಟ್ಟಿದ್ದು ಷೋರೂಮಲ್ಲೇ, ಅವರ ಹುಡುಗಿಯೇ, ಅಲ್ವಾ? ಫೋಟೋ ತೆಗೆದ್ರಲ್ಲ, ಎಲ್ಲಿದೆ?"

"ನಂಗೆ ಕಳಿಸಲೇ ಇಲ್ಲ. ಅವರ ಗೋಡೆ ಮೇಲೆ ದೊಡ್ಡದು ಮಾಡಿ ಹಾಕಿದಾರೆ. ತೆಂಗಿನಕಾಯಿ ಕೊಡೋಕೆ ಹೋದಾಗ ನೋಡಿದೆ."

"ಹುಚ್ಚಿ! ಇನ್ನೇನ್ ಬೇಕು ನಿಂಗೆ? ಬೆಳಿಗ್ಗೆ ಕೋಟಿಂಗ್ ಹೊಡೆದಿದ್ರೆ ಮಧ್ಯಾಹ್ನ ಅವರೇ ಅದರ ಮೇಲೆ ಎಣ್ಣೆ ಕುಂಕುಮ ಬಳೀತಿದ್ರಾ? ಒಂದೋ ಹಚ್ಚೇ ಇಲ್ಲ, ಇಲ್ಲಾ ಹಾಳು ಮಾಡಿದೋರು ಅವರೇ. ಹೋಗು, ಆ ಫೋಟೋದ ಫೋಟೋ ತಗೊಂಡು ಬಾ."

ಎರಡನೇ ಶನಿವಾರ ಕಾಲೇಜಿಗೆ ರಜ. ಬೆಳಿಗ್ಗೆ ದಾಕ್ಷಾಯಿಣಿ ನನ್ನ ಕೀಲಿ ತಿರುಗಿಸುವಷ್ಟರಲ್ಲಿ ಮಹಾಲಿಂಗಯ್ಯ ಮಡಿಕೆ ಬಿಚ್ಚಿದ ಬಿಳಿ ಪಂಚೆ ಉಟ್ಟು, ಹೆಗಲಿಗೆ ಟವೆಲು ಹಾಕಿ ಬಂದು ಬಾಗಿಲು ತೆರೆದು ಕೂತೇಬಿಟ್ಟರು.

"ತುಮಕೂರಿಗೆ ತಾನೆ? ಮಂಡಿಪೇಟೇಲಿ ಒಬ್ಬರನ್ನ ನೋಡ್ಬೇಕು. ಹಂಗೇ ಆ ಹುಡುಗನ್ನೂ ಮಾತಾಡಿಸಿದಂಗಾಯ್ತು."

ಬೇಡ ಅನ್ನಲು ಮತ್ತೆ ಬಾಯಿ ಬರಲಿಲ್ಲ. ಹೊರಟೆವು. ನಿಟ್ಟೂರು ದಾಟುವಾಗ ಅವಳು "ಅಪ್ಪಾ..." ಎಂದಳು.

"ಏನವ್ವ?"

"ಏನಿಲ್ಲ. ಸೀಟ್ ಬೆಲ್ಟ್ ಹಾಕ್ಕೊಳಪ್ಪ."

ಗುಬ್ಬಿಯಲ್ಲಿ ಮತ್ತೆ "ಅಪ್ಪಾ..." ಎಂದಳು. ಈ ಸಲ ಎ.ಸಿ. ಜಾಸ್ತಿ ಆಯಿತೇ ಎಂದು ಕೇಳಿದಳು. ಎ.ಸಿ. ಹಾಕಿಯೇ ಇರಲಿಲ್ಲ.

ಷೋರೂಮಿನ ಬಾಗಿಲಿಗೆ ಬಂದೆವು. ಇಲ್ಲಿ ನನ್ನನ್ನು ಸ್ವಲ್ಪ ನಿಲ್ಲಿಸುತ್ತೇನೆ. ನಮ್ಮಂಥವುಗಳ ಕಥೆ ಗುಜರಿಯಲ್ಲೋ ಮೂಲೆಯಲ್ಲೋ ಮುಗಿಯಬೇಕೆಂಬ ರೂಢಿಯಿದೆ. ನನ್ನದೂ ಅಲ್ಲೇ ಬಂದು ನಿಂತಿದೆ, ಆದರೆ ಅಲ್ಲಿ ಮುಗಿಸಲು ನನಗೆ ಮನಸ್ಸಿಲ್ಲ. ಅದಕ್ಕೆ ಅದನ್ನು ಈಗಲೇ ಹೇಳಿ ಮುಗಿಸುತ್ತೇನೆ.

ಹಣ ವಾಪಸ್ ಬಂತೇ ಎಂದು ಕೇಳುತ್ತೀರಿ. ಬಂತು. ಬ್ಯಾಂಕು ಇನ್ನಷ್ಟು ದಿನ ಆಕಳಿಸಿ, ಮೈಮುರಿದು, ಕೊನೆಗೆ ಪೂರ್ತಿ ಹಿಂದಿರುಗಿಸಿತು. ಕಲೆ ಹೋಗಲಿಲ್ಲ. ಕೆಲವು ವರ್ಷಗಳ ಮೇಲೆ ದಾಕ್ಷಾಯಿಣಿಗೆ ದೂರದ ಊರಿನಲ್ಲಿ ಕಾಯಂ ಕೆಲಸವಾಯಿತು. ಅಮ್ಮನ ಮಂಡಿಗೆ ಆಪರೇಷನ್ ಆಗಿ ಅವರೇ ಬಸ್ಸು ಹತ್ತತೊಡಗಿದರು. ನಾನು ಅರಸೀಕೆರೆಯ ಬ್ಯೂಟಿ ಪಾರ್ಲರಿನ ಪ್ರಮೀಳಾ ಅವರ ಕೈಗೆ ಬಂದೆ. ಮದುಮಗಳ ಅಲಂಕಾರಕ್ಕೆ ಊರೂರು ತಿರುಗುವವರು. ನನ್ನೊಳಗೆ ಮಲ್ಲಿಗೆ, ಪೌಡರು, ಬಿಸಿ ಕೂದಲಿನ ವಾಸನೆ. "ಇದ್ಯಾವ ಸೀಮೆ ಕಲೆ?" ಎಂದು ಆಕೆ ಬಾನೆಟ್ಟಿಗೆ ಮೇಕಪ್ ಮಾಡುವ ಹಾಗೆ ದೊಡ್ಡ ಹೂವಿನ ಸ್ಟಿಕ್ಕರು ಅಂಟಿಸಿದರು. ಆಮೇಲೆ ಡ್ರೈವಿಂಗ್ ಸ್ಕೂಲಿಗೆ ಹೋದೆ. ಕ್ಲಚ್ಚಿನ ಮೇಲೆ ಕಲಿಯುವವರ ಕಾಲು, ಎದೆಯ ಮೇಲೆ ಎಲ್ ಬೋರ್ಡು. ಸ್ಟಿಕ್ಕರು ಸಿಪ್ಪೆಯೆದ್ದು ಹೋಯಿತು, ಓಂ ಮತ್ತೆ ಮುಖ ತೋರಿಸಿತು.

ಈಗ ಒಂದು ಗ್ಯಾರೇಜಿನ ಹಿಂದೆ, ಬೇವಿನ ಕೆಳಗೆ ಇದ್ದೇನೆ. ಚಕ್ರಗಳಿಲ್ಲ. ಹಿಂದಿನ ಸೀಟಿನಲ್ಲಿ ಒಂದು ಕೋಳಿ ಕಾವಿಗೆ ಕೂತಿದೆ. ಬಣ್ಣ ಎಲ್ಲೆಡೆ ಹಪ್ಪಳದ ಹಾಗೆ ಏಳುತ್ತಿದೆ. ಆ ಗುಲಾಬಿ ಗುರುತು ಇರುವ ಕಡೆ ಮಾತ್ರ ಗಟ್ಟಿಯಾಗಿದೆ. ಯಾಕೋ ಗೊತ್ತಿಲ್ಲ. ಸುಮ್ಮನೆ ನಿಂತವರಿಗೆ ಯೋಚಿಸಲು ಬಿಡುವು ಜಾಸ್ತಿ. ನಾನು ಯೋಚಿಸುವುದು ಇಷ್ಟೇ: ಮಾತು ಬರದ ವಸ್ತುವಾಗಿ ಹುಟ್ಟಿದ್ದು ನನ್ನ ತಪ್ಪಲ್ಲ. ಮಾತು ಬರುವವರು ನನ್ನ ಹಾಗೆ ನಿಂತದ್ದನ್ನು ನೋಡಿದಾಗಲೇ ಹೊಟ್ಟೆ ಉರಿಯುತ್ತಿದ್ದುದು. ಆ ಉರಿ ಆರಿದ್ದು ಒಂದೇ ದಿನ. ಅಲ್ಲಿಗೆ ಹೋಗೋಣ.

ಷೋರೂಮಿನವರು ಕಲೆ ನೋಡಬೇಕೆಂದು ನನ್ನನ್ನು ಒಳಗೇ ತರಿಸಿದರು. ನಾನು ಹಿಂದೆ ನಿಂತಿದ್ದ ಅದೇ ಜಾಗ. ಪಕ್ಕದಲ್ಲಿ ನನ್ನ ಜಾತಿಯದೇ ಹೊಸದೊಂದು, ಕೆಂಪು ಬಣ್ಣದ್ದು, ಹೂವಿನ ಹಾರ ಹಾಕಿಸಿಕೊಂಡು ನಿಂತಿತ್ತು. ಅದನ್ನು ಕೊಳ್ಳಲು ಬಂದ ಗಂಡ ಹೆಂಡತಿ ಒಂದು ಕಾಗದವನ್ನು ಹಿಡಿದು ಗೊಂದಲದಲ್ಲಿದ್ದರು. ಎದುರಿನ ಗೋಡೆಯ ತುಂಬ ಖುಷಿಯ ಗ್ರಾಹಕರ ಫೋಟೋಗಳು. ನಡುವೆ ನಾವು: ಅಪ್ಪ, ಅಮ್ಮ, ರಟ್ಟಿನ ಬೀಗದ ಕೈ ಹಿಡಿದ ದಾಕ್ಷಾಯಿಣಿ, ಹಿಂದೆ ನಾನು, ನನ್ನ ಎದೆಯ ಮೇಲೆ ಹಸಿ ಕುಂಕುಮ, ಪಕ್ಕದಲ್ಲಿ ತಟ್ಟೆ ಹಿಡಿದ ಅವರದೇ ಹುಡುಗಿ. ದಾಕ್ಷಾಯಿಣಿ ಮೊದಲು ಫೋನೆತ್ತಿ ಅದರ ಚಿತ್ರ ತೆಗೆದಳು. ಮಸುಕು ಅಂದಾರೆಂದು ಮತ್ತೊಂದು ತೆಗೆದಳು.

ನಂದೀಶ ಈಗ ಮ್ಯಾನೇಜರು. ಗಾಜಿನ ಕೋಣೆಯಿಂದ ಹೊರಬಂದ. "ಓಹೋ ಅಂಕಲ್, ಬನ್ನಿ ಬನ್ನಿ! ಕಾಯಿ ಬಹಳ ಚೆನ್ನಾಗಿತ್ತು."

"ನಮ್ಮೂರ ಕಾಯಲ್ವೇನಪ್ಪ!" ಎಂದು ಮಹಾಲಿಂಗಯ್ಯ ಅರಳಿದರು.

ದಾಕ್ಷಾಯಿಣಿ ಗೋಡೆಯ ಕಡೆ ಬೆರಳು ತೋರಿಸಿದಳು. "ಕೋಟಿಂಗ್... ಬೆಳಿಗ್ಗೆ ಹಚ್ಚಿದ್ರಿ ಅಂತ ಬರೆದಿದೀರಿ. ಮತ್ತೆ ಅದರ ಮೇಲೆ ನಿಮ್ಮವರೇ ಕುಂಕುಮ..."

"ಪೂಜೆ ಮೇಡಂ ಅದು. ಪೂಜೆ ಮಾಡಿದ್ದೂ ತಪ್ಪಾ ಈಗ?" ಅವನು ಅಪ್ಪನ ಕಡೆ ತಿರುಗಿದ. "ನೋಡಿ ಅಂಕಲ್, ಮೇಡಂ ಒಂದು ಸಣ್ಣ ಕಲೆಗೆ ಎಲ್ಲೆಲ್ಲಿಗೋ ಕಂಪ್ಲೇಂಟ್ ಬರೀತಿದಾರೆ. ನೀವು ದೊಡ್ಡೋರು, ನೀವೇ ಹೇಳಿ."

ಮಹಾಲಿಂಗಯ್ಯನವರ ಮುಖ ಸಣ್ಣದಾಯಿತು. ಉಪಕಾರ ಮಾಡಿದವನ ಮನೆಗೆ ಬಂದು ಜಗಳವಾಡುವುದೇ? ಮಗಳ ಮೊಣಕೈ ಹಿಡಿದು ಮೆಲ್ಲಗೆ ಅಂದರು. "ಕಂಪ್ಲೇಂಟಾ? ಯಾಕವ್ವ ಹಿಂಗೆ? ಪಾಪ, ಫ್ರೀ ಕೊಟ್ಟಿದಾರೆ. ದಾನದ ಎಮ್ಮೆಗೆ ಹಲ್ಲು ಹಿಡಿದು ನೋಡಬಾರದು. ನಡಿ, ಹೋಗೋಣ."

"ಅಷ್ಟೇ ನಾನೂ ಹೇಳೋದು ಅಂಕಲ್." ನಂದೀಶ ದಾಕ್ಷಾಯಿಣಿಯನ್ನು ನೇರ ನೋಡಿ, ಅದೇ ಹಳೆಯ ನಗು ನಕ್ಕ. "ಫ್ರೀ ತಾನೆ ಮೇಡಂ? ಅವತ್ತು ನೀವೇ ಹೇಳಿದ್ದು ಅಪ್ಪಂಗೆ. ಹೇಳಿ ಮತ್ತೆ."

ಆ ನಗುವಿಗೆ ಚೂರಿಯ ಹಾಗೆ ತುದಿ ಇತ್ತು. ಅವನಿಗೆ ಗೊತ್ತು, ಅವಳು ಹೇಳಲಾರಳು. ಹಣ ಕೊಟ್ಟೆ ಅನ್ನದೆ ಹಣ ವಾಪಸ್ ಕೇಳುವಂತಿಲ್ಲ. ಹಣ ಕೊಟ್ಟೆ ಅಂದರೆ, ಯಾರೂ ಟೋಪಿ ಹಾಕಲಾರರೆಂದು ಊರೆಲ್ಲ ಹೇಳಿಕೊಂಡು ಬಂದ ಅಪ್ಪನ ಮುಂದೆ ಆ ಟೋಪಿ ತಲೆಯ ಮೇಲೆಯೇ ಕಾಣುತ್ತದೆ. ಪಕ್ಕದ ಗಂಡ ಹೆಂಡತಿ ತಮ್ಮ ಕಾಗದ ಬಿಟ್ಟು ಈ ಕಡೆ ನೋಡುತ್ತಿದ್ದರು. ಪೂಜೆಯ ತಟ್ಟೆ ಹಿಡಿದ ಷೋರೂಮಿನ ಹುಡುಗಿ ಕುಂಕುಮ ಹಚ್ಚುವುದನ್ನು ನಿಲ್ಲಿಸಿದ್ದಳು. ಕೆಂಪು ಕಾರಿನ ಬಾನೆಟ್ಟಿನ ಮೇಲೆ ಓಂ ಅರ್ಧ ಮಾತ್ರ ಆಗಿತ್ತು.

ದಾಕ್ಷಾಯಿಣಿ ನನ್ನ ಮೇಲೆ ಕೈಯೂರಿದಳು, ಸರಿಯಾಗಿ ಆ ಕಲೆಯ ಮೇಲೆ. ಅಂಗೈ ತಣ್ಣಗಿತ್ತು. ಹೊಂಗೆಯ ಕೆಳಗೆ ನನ್ನೊಳಗೆ ಕೂಗಿದ್ದ ಮಾತುಗಳೆಲ್ಲ ನೆನಪಾದವು ನನಗೆ. ಅವಳಿಗೂ ನೆನಪಾದವೇನೋ. ಅವುಗಳಲ್ಲಿ ಒಂದನ್ನೂ ಅವಳು ಆಡಲಿಲ್ಲ. ನಂದೀಶನ ಕಡೆ ನೋಡಲೂ ಇಲ್ಲ. ಅಪ್ಪನ ಕಡೆ ತಿರುಗಿ, ಎರಡನೆಯ ಬೆಂಚು ದಾಟಿ, ಆ ಗೋಡೆ ದಾಟಿ, ಹಿತ್ತಲಲ್ಲಿ ಪೈಪು ಹಿಡಿದವರಿಗೂ ಕೇಳುವ ಹಾಗೆ ಹೇಳಿದಳು:

"ಫ್ರೀ ಅಲ್ಲಪ್ಪ. ದುಡ್ಡು ಕೊಟ್ಟಿದೀನಿ. ನನ್ನ ದುಡ್ಡು."